ವಾಚ್ ರಿಪೇರಿಯವನ ನಾಣ್ಯದ ಹುಚ್ಚು

ಅರವತ್ತು ದಾಟಿದವನು ಹೊಸದಾಗಿ ಏನೇ ಶುರು ಮಾಡಿದರೂ ಊರಿನವರು ಅದಕ್ಕೊಂದು ಕಾರಣ ಹುಡುಕುತ್ತಾರೆ. ಬೆಳಿಗ್ಗೆ ವಾಕಿಂಗ್ ಹೊರಟರೆ ಶುಗರ್ ಬಂದಿದೆ ಅಂತಾರೆ. ದಿನಾ ದೇವಸ್ಥಾನಕ್ಕೆ ಹೋದರೆ ಮನೆಯಲ್ಲಿ ಜಗಳ ಅಂತಾರೆ. ನಾನು ಹಳೇ ನಾಣ್ಯ ಕೂಡಿಡಲು ಶುರು ಮಾಡಿದೆ, ನಿಧಿ ಸಿಕ್ಕಿದೆ ಅಂದರು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇದೆ.

ನನ್ನದು ಸಾಗರದ ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ. ಹುಟ್ಟಿದ್ದು ಹೊಸನಗರ, ಹೆಂಡತಿ ತೀರ್ಥಹಳ್ಳಿಯವಳು. ನಾಣ್ಯದ ಹುಚ್ಚು ಮೊದಲು ಹಿಡಿದದ್ದು ಐದನೇ ಕ್ಲಾಸಿನಲ್ಲಿ. ತೂತಿನ ಕಾಸು, ಅಂಚು ಹೂವಿನ ಹಾಗಿದ್ದ ಹತ್ತು ಪೈಸೆ, ಕಮಲದ ಚಿತ್ರದ ಹಿತ್ತಾಳೆಯ ಇಪ್ಪತ್ತು ಪೈಸೆ, ಎಲ್ಲ ಒಂದು ಬಿಸ್ಕತ್ತು ಡಬ್ಬಿಯಲ್ಲಿದ್ದವು. ಏಳನೇ ಕ್ಲಾಸಿನಲ್ಲಿ ಪಕ್ಕದ ಬೆಂಚಿನವನೊಬ್ಬ ನಿಂತುಹೋದ ವಾಚು ತೋರಿಸಿ, "ಡಬ್ಬಿ ಕೊಟ್ರೆ ಇದು ನಿಂದು" ಅಂದ. ಕೊಟ್ಟೆ. ವಾಚನ್ನು ಬಿಚ್ಚಿದೆ, ವಾಪಸ್ ಜೋಡಿಸಲು ಬರಲಿಲ್ಲ. ಕಲಿಯಲು ಒಬ್ಬರ ಅಂಗಡಿಗೆ ಸೇರಿದೆ. ಅದೇ ಹೊಟ್ಟೆಪಾಡಾಯಿತು. ಆ ವಾಚು ಮಾತ್ರ ಇವತ್ತಿನವರೆಗೂ ನಡೆದಿಲ್ಲ.

ಗಡಿಯಾರದ ಬುದ್ಧಿ

ಹುಚ್ಚು ಮರುಕಳಿಸಿದ್ದು ಹೊಸನಗರದ ಒಬ್ಬ ನಿವೃತ್ತ ಹೆಡ್‌ಮಾಸ್ಟರಿಂದ. ಅವರ ತಂದೆಯ ಕಾಲದ ಗೋಡೆ ಗಡಿಯಾರವನ್ನು ಎಣ್ಣೆ ಹಾಕಿಸಲು ತಂದಿದ್ದರು. ಬಿಚ್ಚಿ ನೋಡುತ್ತೇನೆ, ಲೋಲಕದ ಕಡ್ಡಿಗೆ, ಬಿಲ್ಲೆಯಿಂದ ಸ್ವಲ್ಪ ಮೇಲೆ, ದಾರದಲ್ಲಿ ಒಂದು ತೂತಿನ ಕಾಸು ಕಟ್ಟಿದೆ! ಐವತ್ತು ವರ್ಷದ ನಂತರ ಬಾಲ್ಯದ ಗೆಳೆಯ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಹಾಗಾಯಿತು.

"ಸಾರ್, ಈ ಕಾಸು ನಾನಿಟ್ಕೊಳ್ಲಾ?" ಅಂತ ಕೇಳಿದೆ.

"ಇಟ್ಕೊಳ್ಳಿ ಮಾರಾಯ್ರೇ, ಕಸ ತೆಗೆಯೋಕೆ ಕೇಳ್ಬೇಕಾ?" ಅಂದರು.

ಹದಿನೈದು ದಿನ ಕಳೆದ ಮೇಲೆ ಗಡಿಯಾರ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ಬಂದರು. ಮುಖ ಕೆಂಪಗಾಗಿತ್ತು. "ವಾರಕ್ಕೆ ಐದು ನಿಮಿಷ ಹಿಂದೆ ಬೀಳ್ತಿದೆ. ಇದನ್ನ ನಂಬಿ ನಿನ್ನೆ ಬಸ್ ತಪ್ಪಿಸ್ಕೊಂಡೆ. ನಲವತ್ತು ವರ್ಷ ಸರ್ವಿಸಲ್ಲಿ ಒಂದಿನ ಲೇಟಾಗದವನು!"

ಆಗ ಹೊಳೆಯಿತು. ಅವರ ತಂದೆ ಆ ಕಾಸನ್ನು ಸುಮ್ಮನೆ ಕಟ್ಟಿರಲಿಲ್ಲ. ಗಡಿಯಾರ ನಿಧಾನವಾದಾಗ ಬಿಲ್ಲೆಯ ಮೇಲ್ಗಡೆ ಚೂರು ಭಾರ ಕಟ್ಟಿ, ಲೋಲಕ ಬೇಗ ಆಡುವ ಹಾಗೆ ಮಾಡಿದ್ದರು. ಈ ಕೆಲಸದಲ್ಲಿ ತಲೆ ಬೆಳ್ಳಗಾದ ನನಗೇ ಅದು ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯಾಯಿತು. ಒಂದು ತಾಮ್ರದ ವಾಷರ್ ತೂಗಿ ನೋಡಿ ಕಟ್ಟಿಕೊಟ್ಟೆ. ಹೊಸ ಡಬ್ಬಿಯೊಂದರಲ್ಲಿ ಹಾಕಿಟ್ಟಿದ್ದ ಕಾಸು ಮಾತ್ರ ವಾಪಸ್ ಕೊಡಲು ಮನಸ್ಸು ಬರಲಿಲ್ಲ.

ಹೆಡ್‌ಮಾಸ್ಟರು ನನ್ನ ಡಬ್ಬಿಯ ಕಡೆ ಒಮ್ಮೆ, ವಾಷರಿನ ಕಡೆ ಒಮ್ಮೆ ನೋಡಿ ಹೇಳಿದರು: "ಆಯ್ತು, ಬಿಡಿ. ಜನ ನನ್ನ ಕೇಳ್ತಿರ್ತಾರೆ, ನಿಮ್ಮಪ್ಪನ ಬುದ್ಧಿ ಎಲ್ಲಿ ಹೋಯ್ತು ಅಂತ. ಸಾಗರದಲ್ಲಿ ವಾಚ್ ರಿಪೇರಿಯವರ ಡಬ್ಬೀಲಿದೆ ಅಂತೀನಿ."

ಮೂವತ್ತು ಲಕ್ಷದ ಲ್ಯಾಮಿನೇಷನ್

ನನ್ನ ಪಕ್ಕದಲ್ಲೇ ಒಂದು ಜೆರಾಕ್ಸ್ ಅಂಗಡಿಯಿದೆ. ಅದರ ಮಾಲೀಕನ ಕಿವಿಗೆ ಬಿದ್ದ ಸುದ್ದಿಯನ್ನು ಬೇರೆ ಜೆರಾಕ್ಸ್ ಮಾಡಬೇಕಾಗಿಲ್ಲ. ನಾನು ನಾಣ್ಯ ಕೂಡಿಡುತ್ತೇನೆ ಅಂತ ಅವನಿಗೆ ತಿಳಿದ ವಾರದಲ್ಲಿ ಮೂರು ತಾಲ್ಲೂಕಿಗೂ ಗೊತ್ತಾಯಿತು.

ಒಂದು ದಿನ ಮಧ್ಯವಯಸ್ಸಿನವರೊಬ್ಬರು ಬಂದರು. ಅಂಗಿಯೊಳಗೆ, ಬನಿಯನ್ನಿನ ಒಳಗೆ, ಪ್ಲಾಸ್ಟಿಕ್ ಕವರಿನ ಒಳಗೆ, ಪೇಪರಿನ ಒಳಗೆ ಕೈ ಹಾಕುತ್ತಾ ಹೋಗಿ ಕೊನೆಗೆ ಒಂದು ಐದು ರೂಪಾಯಿ ನೋಟು ತೆಗೆದರು. ಟ್ರ್ಯಾಕ್ಟರ್ ಚಿತ್ರದ್ದು.

"ನಾನು ನಾಣ್ಯದವನು, ನೋಟಿನವನಲ್ಲ" ಅಂದೆ.

"ಎರಡೂ ದುಡ್ಡೇ ಅಲ್ವಾ? ಮೊಬೈಲಲ್ಲಿ ಮೂವತ್ತು ಲಕ್ಷ ಅಂತ ಹೇಳಿದ್ದಾರೆ. ನೀವು ನಮ್ಮ ಕಡೆಯವರು ಅಂತ ಇಪ್ಪತ್ತೆಂಟಕ್ಕೆ ಕೊಡ್ತೀನಿ."

ಇಂಥ ನೋಟು ಊರಲ್ಲಿ ಇನ್ನೂ ಓಡಾಡುತ್ತಿದೆ, ಇದರ ಬೆಲೆ ಐದು ರೂಪಾಯಿ ಅಂತ ನಿಧಾನವಾಗಿ ಬಿಡಿಸಿ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿಮ್ಮ ಹತ್ರ ಅಷ್ಟು ದುಡ್ಡಿಲ್ಲ ಅಂದ್ರೆ ಇಲ್ಲ ಅನ್ನಿ. ಮಾಲಿಗೆ ಯಾಕೆ ಹೆಸರಿಡ್ತೀರಿ?"

ಅಲ್ಲಿಂದ ನೇರ ಪಕ್ಕದ ಅಂಗಡಿಗೆ ಹೋದರು. "ಇದು ಹಾಳಾಗಬಾರದು, ಗಟ್ಟಿಯಾಗಿ ಲ್ಯಾಮಿನೇಷನ್ ಮಾಡ್ಕೊಡಿ" ಅಂದರು. ಜೆರಾಕ್ಸಿನವನು ಖುಷಿಯಿಂದ ಮಾಡಿಕೊಟ್ಟು ಮೂವತ್ತು ರೂಪಾಯಿ ತೆಗೆದುಕೊಂಡ.

ಬರುವಾಗ ಅದು ಐದು ರೂಪಾಯಿಗಾದರೂ ನಡೆಯುತ್ತಿತ್ತು. ಮೂವತ್ತು ಕೊಟ್ಟು, ಅದಕ್ಕೂ ನಡೆಯದ ಹಾಗೆ ಮಾಡಿಸಿಕೊಂಡು ಹೋದರು.

ನಡೆಯುವ ನಾಣ್ಯ, ನಡೆಯದ ನಾಣ್ಯ

ಹೊಸನಗರದ ಬಸ್ಸಿನಲ್ಲಿ ಒಮ್ಮೆ ಟಿಕೆಟ್ಟಿಗೆ ಹತ್ತು ರೂಪಾಯಿಯ ನಾಣ್ಯಗಳನ್ನು ಕೊಟ್ಟೆ. ಕಂಡಕ್ಟರ್ ಕೈ ಹಿಂದೆ ಎಳೆದುಕೊಂಡ. "ಇದು ನಡೆಯಲ್ಲ ಸಾರ್."

"ಯಾಕೆ ನಡೆಯಲ್ಲ? ಸರ್ಕಾರದ್ದು."

"ಸರ್ಕಾರ ನಡೆಸುತ್ತೆ ಸಾರ್, ಜನ ನಡೆಸಲ್ಲ."

ಸಂಗ್ರಾಹಕನ ಅಭಿಮಾನ ಕೆರಳಿತು. ಎದ್ದು ನಿಂತು, ಆ ನಾಣ್ಯದ ಹೊರಗಿನ ಬಳೆ ಯಾವ ಲೋಹ, ಒಳಗಿನ ಬಿಲ್ಲೆ ಯಾವ ಲೋಹ, ಚಿಹ್ನೆಗಳು ಯಾಕೆ ಬೇರೆ ಬೇರೆ ಇವೆ ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ವಿವರಿಸಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ತಲೆಯಾಡಿಸಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆದರೂ ಕಂಡಕ್ಟರ್ ಬಗ್ಗಲಿಲ್ಲ. ಸೋತು ಇನ್ನೂರರ ನೋಟು ಕೊಟ್ಟೆ.

ಅವನ ಮುಖ ಅರಳಿತು. ಚೀಲದ ತಳಕ್ಕೆ ಕೈ ಹಾಕಿ ಚಿಲ್ಲರೆ ಕೊಟ್ಟ. ಅಷ್ಟೂ ಹತ್ತು ರೂಪಾಯಿ ನಾಣ್ಯಗಳೇ.

"ಈಗಷ್ಟೇ ನಡೆಯಲ್ಲ ಅಂದ್ಯಲ್ಲ?"

"ನನಗೆ ನಡೆಯಲ್ಲ ಸಾರ್. ನಿಮಗೆ ಇದರ ಮೇಲೆ ಅಷ್ಟೊಂದು ಪ್ರೀತಿ ಇದೆಯಲ್ಲ, ಸಾಕ್ಕೊಳ್ಳಿ."

ಅಕ್ಕಿ ಎಳೆಯುವ ನಾಣ್ಯ

ಒಂದು ಮಧ್ಯಾಹ್ನ ಬಿಳಿ ಕಾರಿನಲ್ಲಿ ಇಬ್ಬರು ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಕೈಗೊಂದು ಬ್ರೀಫ್‌ಕೇಸ್. ಅವರ ಹಿಂದೆ ಜೆರಾಕ್ಸಿನವನೂ ನುಗ್ಗಿ ಶಟರ್ ಅರ್ಧ ಎಳೆದ. ಅವರು ಬರುವುದು ಇವನಿಗೆ ಮೊದಲೇ ಗೊತ್ತಿತ್ತು.

"ಸಿಡಿಲು ಬಡಿದ ತಾಮ್ರದ ನಾಣ್ಯ" ಅಂದ ಅವರಲ್ಲಿ ದಪ್ಪಗಿದ್ದವನು. "ಅಕ್ಕಿಯನ್ನ ಎಳೆಯುತ್ತೆ. ವಿದೇಶದ ಕಂಪನಿ ಕೋಟಿಗಟ್ಟಲೆ ಕೊಟ್ಟು ತಗೊಳ್ಳುತ್ತೆ. ಅದಕ್ಕೆ ಮೊದಲು ಟೆಸ್ಟಿಂಗ್ ಆಗ್ಬೇಕು. ಖರ್ಚಿಗೆ ಎರಡು ಲಕ್ಷ ಹಾಕಿದವರಿಗೆ ಒಂದು ಕೋಟಿ."

ನನ್ನ ಮೇಜಿನ ಮೇಲೆ ಪೇಪರ್ ಹಾಸಿ, ಅವರೇ ತಂದ ಅಕ್ಕಿ ಸುರಿದು, ನಾಣ್ಯವನ್ನು ಹತ್ತಿರ ತಂದರು. ಕಾಳುಗಳು ಇರುವೆಗಳ ಹಾಗೆ ಸರಿದು ಬಂದವು. ಜೆರಾಕ್ಸಿನವನು ಕೈ ಮುಗಿದ. ಅವನ ಕಂಕುಳಲ್ಲಿ ಒಂದು ಬಟ್ಟೆ ಚೀಲವಿತ್ತು. ಹೊಸ ಕಲರ್ ಮಷಿನ್ನಿಗೆ ಅಂತ ನಾಲ್ಕು ವರ್ಷ ಕೂಡಿಟ್ಟ ಎರಡು ಲಕ್ಷ ಅದರಲ್ಲಿದೆ ಅಂತ ಕಿವಿಯಲ್ಲಿ ಹೇಳಿದ. ಬೇಡ ಅಂದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅಕ್ಕಿ ನೋಡಿದೆ. ಕಾಳಿನ ಮೈಮೇಲೆಲ್ಲ ಕಪ್ಪು ಕಬ್ಬಿಣದ ಪುಡಿ ಅಂಟಿತ್ತು. ಇನ್ನು ನಾಣ್ಯದೊಳಗೆ ಅಯಸ್ಕಾಂತ ಹಿಡಿಸಿದ ಉಕ್ಕಿನ ಚೂರಿದೆ ಅಂತ ಹೇಳಲು ಜ್ಯೋತಿಷಿ ಬೇಕಾಗಿರಲಿಲ್ಲ.

"ಒಂದು ನಿಮಿಷ ಕೊಡಿ, ನಾನೂ ಟೆಸ್ಟ್ ಮಾಡ್ತೀನಿ" ಅಂದೆ. ವಾಚಿನ ಯಂತ್ರಕ್ಕೆ ಅಯಸ್ಕಾಂತ ಹಿಡಿದರೆ ಅದನ್ನು ಬಿಡಿಸುವ ಒಂದು ಪುಟ್ಟ ಮಷಿನ್ ನಮ್ಮಂಥವರ ಅಂಗಡಿಯಲ್ಲಿ ಇರುತ್ತದೆ. ನಾಣ್ಯವನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ, ಮೂರು ನಾಲ್ಕು ಸಲ ನಿಧಾನವಾಗಿ ಎತ್ತಿದೆ. ವಾಪಸ್ ಅಕ್ಕಿಯ ಪಕ್ಕದಲ್ಲಿಟ್ಟೆ.

ಒಂದು ಕಾಳೂ ಅಲ್ಲಾಡಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಏನ್ರೀ ಮಾಡಿದ್ರಿ? ಕೋಟಿ ರೂಪಾಯಿ ನಷ್ಟ! ಯಾರು ಕೊಡ್ತಾರೆ?" ಅಂತ ದಪ್ಪಗಿದ್ದವನು ಎಗರಿದ.

"ಸ್ಟೇಷನ್ ಇಲ್ಲೇ ಹತ್ತಿರ ಇದೆ. ನಡೀರಿ, ಕಂಪ್ಲೇಂಟ್ ಕೊಡೋಣ. ಅಕ್ಕಿಯನ್ನೂ ತಗೊಂಡು ಬನ್ನಿ" ಅಂದೆ. ಅಕ್ಕಿ, ಪೇಪರು ಎಲ್ಲ ಅಲ್ಲೇ ಬಿಟ್ಟು ಕಾರು ಹತ್ತಿದರು.

ಜೆರಾಕ್ಸಿನವನು ಬಟ್ಟೆ ಚೀಲ ಅಪ್ಪಿಕೊಂಡು ಕೂತ. ಅವನ ಕಣ್ಣಲ್ಲಿ ನೀರು. ಬಚಾವಾದೆ ಅಂತ ಅಳುತ್ತಿದ್ದಾನೆ ಅಂದುಕೊಂಡು ಬೆನ್ನು ಸವರಿದೆ. ಅವನು ಮೂಗು ಒರೆಸಿಕೊಂಡು ಹೇಳಿದ: "ಎಂಥಾ ಕೆಲಸ ಮಾಡಿದ್ರಿ ಮಾರಾಯ್ರೇ! ಸಿಡಿಲು ಕೊಟ್ಟ ಶಕ್ತಿಯನ್ನ ಒಂದು ಗುಂಡಿ ಒತ್ತಿ ಕಳೆದುಬಿಟ್ರಲ್ಲ!"

ಮುಖಂಡರ ಅಂಗೈ

ತೀರ್ಥಹಳ್ಳಿಯ ಒಂದು ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ನನ್ನ ನಾಣ್ಯಗಳ ಪ್ರದರ್ಶನ ಇಟ್ಟರು. ಉದ್ಘಾಟನೆಗೆ ಒಬ್ಬ ಮುಖಂಡರನ್ನು ಕರೆದಿದ್ದರು. ಅವರು ಯಾವ ಊರಿನವರು ಅಂತ ಹೇಳುವುದಿಲ್ಲ. ಹೇಳದಿದ್ದರೂ ಪ್ರತಿ ಊರಿನವರೂ ನಮ್ಮವರೇ ಇರಬೇಕು ಅಂದುಕೊಳ್ಳುತ್ತಾರೆ.

ಪ್ರದರ್ಶನಕ್ಕೆ ಕಳೆ ಬರಲಿ ಅಂತ ಹೆಂಡತಿಯನ್ನು ಕಾಡಿ ಬೇಡಿ ಅವಳ ತಾಯಿ ಕೊಟ್ಟಿದ್ದ ಚಿನ್ನದ 'ಹಣ' ತೆಗೆದುಕೊಂಡಿದ್ದೆ. ಹಣ ಅಂದರೆ ಹಳೇ ಕಾಲದ ಪುಟ್ಟ ನಾಣ್ಯ, ತೊಗರಿಬೇಳೆಗಿಂತ ದೊಡ್ಡದಿಲ್ಲ. ಕೆಳದಿ ಅರಸರ ಕಾಲದ್ದು ಅಂತ ಅವರ ಮನೆಯಲ್ಲಿ ನಂಬಿಕೆ.

"ರೀ, ಅಮ್ಮನ ನೆನಪು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಯಾರ ಕೈಗೂ ಕೊಡ್ಬೇಡಿ" ಅಂತ ಮೂರು ಸಲ ಹೇಳಿ ಕಳಿಸಿದ್ದಳು.

ಮುಖಂಡರು ಎರಡು ಗಂಟೆ ತಡವಾಗಿ ಬಂದರು. ಅದು ಅವರ ಆ ದಿನದ ಐದನೇ ಉದ್ಘಾಟನೆ. ದೀಪ ಹಚ್ಚಿದರು, ಎಡಗೈಯಲ್ಲಿ ಮೊಬೈಲು ಹಿಡಿದು ಮಾತಾಡುತ್ತಲೇ ಮೇಜಿನ ಹತ್ತಿರ ಬಂದರು. ಸಂಘದ ಕಾರ್ಯದರ್ಶಿ ನನ್ನ ಬೆನ್ನಿಗೆ ತಿವಿದರು. "ಆ ಚಿನ್ನದ್ದು ಅವರ ಕೈಗಿಡಿ, ಒಂದು ಫೋಟೋ ಆಗ್ಲಿ."

ಇಷ್ಟು ಜನರ ಎದುರಿಗೆ ಇಲ್ಲ ಅನ್ನಲಾಗಲಿಲ್ಲ. ಮುಖಂಡರ ಬಲ ಅಂಗೈಯಲ್ಲಿ ನಾಣ್ಯ ಇಟ್ಟೆ. ಫೋಟೋದವನು ಕ್ಯಾಮೆರಾ ಎತ್ತುವಷ್ಟರಲ್ಲಿ ಮುಖಂಡರು ಮೊಬೈಲಿನಲ್ಲಿ ಮಾತಾಡುತ್ತಲೇ ಅಂಗೈಯನ್ನು ಎರಡು ಕಣ್ಣಿಗೂ ಒತ್ತಿಕೊಂಡು, ನಾಣ್ಯವನ್ನು ಬಾಯಿಗೆ ಹಾಕಿ ನುಂಗಿ, ಕೈಯನ್ನು ತಲೆಗೆ ಒರೆಸಿಕೊಂಡರು.

"ಕಲ್ಲುಸಕ್ಕರೆ ಸಿಹಿನೇ ಇಲ್ಲ" ಅಂದರು.

ಕಾರ್ಯದರ್ಶಿಗೆ ಹೇಳಿದರೆ, "ಈಗ ಬೇಡ, ಭಾಷಣ ಮುಗೀಲಿ" ಅಂತ ನನ್ನ ತೋಳು ಹಿಡಿದು ಕೂರಿಸಿದರು. ಭಾಷಣ ಅರ್ಧ ಗಂಟೆ ನಡೆಯಿತು. "ನಮ್ಮ ಪೂರ್ವಿಕರ ಸಂಪತ್ತನ್ನು ನಾವು ನಮ್ಮೊಳಗೆ ಇಟ್ಟುಕೊಂಡು ಕಾಪಾಡಬೇಕು" ಅಂತ ಮುಖಂಡರು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದಾಗ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೊಬ್ಬ ಕಣ್ಣು ಮುಚ್ಚಿಕೊಂಡೆ.

ಭಾಷಣ ಮುಗಿದ ಮೇಲೆ ವಿಷಯ ತಿಳಿದು ಮುಖಂಡರು ಬೆವರಿದರು. ಎಲ್ಲರೂ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬುಗಳ ಕೆಳಗೆ ಸಣ್ಣ ಬಿಳಿ ಚುಕ್ಕೆ. ಪಕ್ಕದಲ್ಲಿದ್ದ ವಯಸ್ಸಾದ ನರ್ಸಮ್ಮ ತಡೆಯಲಾರದೆ ಹೇಳಿಬಿಟ್ಟರು: "ತಿಂತಾರೆ ತಿಂತಾರೆ ಅಂತ ಜನ ಹೇಳೋದು ಕೇಳಿದ್ದೆ. ಫೋಟೋ ಸಿಕ್ಕಿದ್ದು ಇವತ್ತೇ."

ಡಾಕ್ಟರು ಕೆಮ್ಮಿ ನಗು ಅಡಗಿಸಿಕೊಂಡರು. "ಚಿಕ್ಕದಿದೆ, ತೊಂದರೆ ಏನಿಲ್ಲ. ಎರಡು ಮೂರು ದಿನದಲ್ಲಿ ತಾನಾಗೇ ಹೊರಗೆ ಬರುತ್ತೆ. ದಿನಾ ಗಮನ ಇಡ್ಬೇಕು ಅಷ್ಟೇ."

ಮುಖಂಡರು ಹಿಂದೆ ತಿರುಗಿ ತಮ್ಮ ಪಿ.ಎ.ಗೆ, "ಗಮನ ಇಡು" ಅಂದರು. ಆ ಮನುಷ್ಯನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ, ಒಳಗೆ ಹೋಗಿ ಅವರಮ್ಮನ ಫೋಟೋದ ಮುಂದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನದಿಂದ ಬೆಳಿಗ್ಗೆ ಸಂಜೆ ಮುಖಂಡರ ಆಫೀಸಿಗೆ ಅವಳೇ ಫೋನ್ ಮಾಡಿದಳು. ಪ್ರತಿ ಸಲವೂ ಪಿ.ಎ. ಒಂದೇ ಉತ್ತರ ಕೊಟ್ಟ: "ಕೆಲಸ ಪ್ರಗತಿಯಲ್ಲಿದೆ ಮೇಡಂ."

ಮೂರನೇ ದಿನ ಅವನೇ ಸಾಗರಕ್ಕೆ, ನಮ್ಮ ಮನೆಗೆ ಬಂದ. ಮೂರು ದಿನಕ್ಕೆ ಮೂರು ವರ್ಷ ವಯಸ್ಸಾದವನ ಹಾಗಿದ್ದ. ಸೀಲ್ ಹಾಕಿದ ಕವರು ಮೇಜಿನ ಮೇಲಿಟ್ಟು, "ಬಿಸಿನೀರು, ಅರಿಶಿನ, ಡೆಟಾಲು, ಎಲ್ಲ ಆಗಿದೆ. ತಲುಪಿದೆ ಅಂತ ಒಂದು ಸಹಿ ಬೇಕು" ಅಂತ ಪುಸ್ತಕ ಚಾಚಿದ.

"ಇದಕ್ಕೂ ಸಹಿನಾ?" ಅಂದೆ.

"ಸಾಹೇಬರು ಒಬ್ಬರದ್ದು ತಗೊಂಡು ವಾಪಸ್ ಕೊಟ್ಟಿದ್ದಾರೆ ಸಾರ್. ಸಹಿ ಇಲ್ದಿದ್ರೆ ಯಾರೂ ನಂಬಲ್ಲ."

ಹೆಂಡತಿ ನನ್ನ ವಾಚಿನ ಚಿಮಟದಲ್ಲಿ ನಾಣ್ಯವನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೂರು ದಿನದ ನಂತರ ಮೊದಲ ಸಲ ಅವಳ ಮುಖದಲ್ಲಿ ನಗು ಕಾಣಿಸಿತು.

"ಇದನ್ನಿನ್ನು ದೇವರ ಮುಂದೆ ಇಡೋಕಾಗಲ್ಲ, ನೀವೇ ಇಟ್ಕೊಳ್ಳಿ" ಅಂದಳು. "ಇಷ್ಟು ದಿನ ಇದು ಬರೀ ಹಳೇ ನಾಣ್ಯ ಆಗಿತ್ತು. ಅವರು ತಿಂದಿದ್ರಲ್ಲಿ ವಾಪಸ್ ಬಂದಿರೋದು ಇದೊಂದೇ. ಈಗ ನೋಡಿ ಅಪರೂಪದ್ದು ಆಯ್ತು."