ಹೂಂ ತಲುಪುವ ನೆಟ್‌ವರ್ಕ್ ಆರಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಕಥೆ/ಹೂಂ/ಚಾಂ.ರೀ./ಅರ್ಧಕ್ಕೆ ನಿಂತದ್ದು
ಸ್ಥಳ: ಮುನಿಗಂಗಮ್ಮನವರ ಮನೆಯ ಜಗುಲಿ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಬಡಾವಣೆ

ವಿಷಯ: ಮನೆಗೆ ಇಂಟರ್ನೆಟ್ ಹಾಗೂ ಮೊಬೈಲ್ ಕಂಪನಿಯನ್ನು ಆಯ್ಕೆ ಮಾಡಿ, ಗಣಿಯೊಳಗೆ ಉಳಿದಿರುವ ಹುಡುಗಿಯನ್ನು ಮೇಲೆ ತರುವ ಕುರಿತು.

ಉಲ್ಲೇಖ: ೧. ಬೂದಿಕೋಟೆಯ ಮಂಗಮ್ಮನವರು ಫೋನ್ ಕುಕ್ಕಿದ ಸದ್ದು.
೨. ಮೊಮ್ಮಗಳು ತ್ರಿವೇಣಿ ಅಜ್ಜಿ ಮುನಿಗಂಗಮ್ಮನವರಿಗೆ ಕೊಟ್ಟ ಮಾತು.

ಪೀಠಿಕೆ:

ಒಂದಾನೊಂದು ಕಾಲದಲ್ಲಿ ಒಬ್ಬ ಹುಡುಗಿ, ರಾಕ್ಷಸ ಕದ್ದು ಬಚ್ಚಿಟ್ಟ ಚಂದ್ರನನ್ನು ತರಲು ಹಗ್ಗ ಹಿಡಿದು ಚಿನ್ನದ ಗಣಿಗೆ ಇಳಿದಿದ್ದು, ನೆಟ್‌ವರ್ಕ್ ಸರಿಯಿಲ್ಲದ ಕಾರಣ ಇಂದಿಗೂ ಅಲ್ಲೇ ಇರುವುದು ಗಮನಕ್ಕೆ ಬಂದಿರುತ್ತದೆ.

ಕಾಲು ಮುರಿದುಕೊಂಡು ಬೂದಿಕೋಟೆಯಲ್ಲಿ ಮಲಗಿರುವ ತಂಗಿ ಮಂಗಮ್ಮನವರಿಗೆ, ಬಸ್ಸು ಹತ್ತಿದರೆ ವಾಂತಿಯಾಗುವ ಅಕ್ಕ ಮುನಿಗಂಗಮ್ಮನವರು ಈ ಕಥೆಯನ್ನು ಫೋನಿನಲ್ಲಿ ಹೇಳುತ್ತಿದ್ದರು. ಕೇಳುವವರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಂತು, ಮತ್ತೆ ಮೊದಲಿಂದ ಶುರುವಾಗಬೇಕು ಎಂಬುದು ಆ ಮನೆತನದ ನಿಯಮ. ಹುಡುಗಿ ಗಣಿಯ ತಳ ಮುಟ್ಟಿದಳು ಎಂಬ ಮಾತಿಗೆ ಮಂಗಮ್ಮನವರು ಅಂದ ಹೂಂ ದಾರಿಯಲ್ಲಿ ತಡವಾಗಿ, ರಾಕ್ಷಸನು "ಹಗ್ಗ ಕತ್ತರಿಸಲಾ?" ಎಂದು ಕೇಳಿದ ಬೆನ್ನಿಗೇ ಬಂದು ಬಿದ್ದಿರುತ್ತದೆ.

"ಕೂಸು ಗುಂಡಿ ಒಳಗಿರೋವಾಗ ಅಗ್ಗ ಕೊಯ್ಯಕ್ಕೆ ಊಂ ಅಂತೀಯೇನೇ?" ಎಂದು ಅಕ್ಕನವರೂ, "ನಾನ್ಯಾವಾಗಂದೆ? ನಿನ್ ಕಿವಿ ಓಗೈತೆ" ಎಂದು ತಂಗಿಯವರೂ ನುಡಿದು, ಅಂದಿನಿಂದ ಮಾತು ಬಿಟ್ಟಿರುತ್ತಾರೆ.

ಇವರ ತಂದೆಯವರು ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದ ಮೇಲೆಯೇ ಮಕ್ಕಳಿಗೆ ಈ ಕಥೆ ಹೇಳುತ್ತಿದ್ದರು. ಆದ್ದರಿಂದ ಯಾರನ್ನಾದರೂ ನೆಲದಡಿ ಬಿಟ್ಟು ಕಥೆ ನಿಲ್ಲಿಸುವುದು ಆ ಮನೆಯಲ್ಲಿ ಅಪಶಕುನ. ಮುನಿಗಂಗಮ್ಮನವರಿಗೆ ಊಟ ಸೇರುತ್ತಿಲ್ಲ. ಮಂಗಮ್ಮನವರೂ ಮುದ್ದೆಯನ್ನು ಮುರಿದು ಹಾಗೇ ಬಿಡುತ್ತಾರೆಂದು ಅವರ ಸೊಸೆ ವಾಣಿಶ್ರೀ ಗುಟ್ಟಾಗಿ ವರದಿ ಮಾಡಿರುತ್ತಾಳೆ. ಹೂಂ ಹೊತ್ತಿಗೆ ಸರಿಯಾಗಿ ತಲುಪುವ ಕಂಪನಿಯನ್ನು ಹುಡುಕಿಕೊಡುವೆನೆಂದು ತ್ರಿವೇಣಿ ಮಾತು ಕೊಟ್ಟಿರುವುದರಿಂದ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ಯಾವುದೇ ಕಂಪನಿಯು ತನ್ನ ವೇಗವನ್ನು ಎಂಬಿ, ಜಿಬಿಗಳಲ್ಲಿ ಹೇಳತಕ್ಕದ್ದಲ್ಲ; ಹೂಂನಲ್ಲಿ ಹೇಳತಕ್ಕದ್ದು. ಜಗಳ ಮುಗಿಯುವವರೆಗೆ ಪರೀಕ್ಷಾರ್ಥ ಹೂಂಗಳನ್ನು ವಾಣಿಶ್ರೀಯು ಬೂದಿಕೋಟೆಯ ಹಿತ್ತಿಲಿನಿಂದ ಒದಗಿಸತಕ್ಕದ್ದು.

೨. ಕನಕಾಂಬರ ಬಣ್ಣದ ಸಿಮ್: ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಮೇಲೆ ಮಾತ್ರ ಸಿಗ್ನಲ್ ಕಡ್ಡಿ ತೋರಿಸುತ್ತದೆ. ದಿಬ್ಬ ಹತ್ತಿದ ಮುನಿಗಂಗಮ್ಮನವರ ಏದುಸಿರನ್ನೇ ರಾಕ್ಷಸನೆಂದು ತಿಳಿದು ಪರೀಕ್ಷಕಿ ವಾಣಿಶ್ರೀಯು ಫೋನ್ ಬಿಸಾಡಿದ್ದರಿಂದ ತಿರಸ್ಕರಿಸಲಾಗಿದೆ.

೩. ಹಸಿರು ಸಿಮ್: ಮನೆಯೊಳಗೇ ಸಿಗುತ್ತದೆ, ಆದರೆ ಅಕ್ಕಿ ಡಬ್ಬದ ಮುಚ್ಚಳದ ಮೇಲಿಟ್ಟರೆ ಮಾತ್ರ. ಅನ್ನಕ್ಕಿಡಲು ಮುಚ್ಚಳ ತೆಗೆದಾಗಲೆಲ್ಲ ಹುಡುಗಿಯನ್ನು ಮೊದಲಿನಿಂದ ಗಣಿಗೆ ಇಳಿಸಬೇಕಾಗಿ ಬಂದಿದೆ. ಅನ್ನ ಮತ್ತು ಕಥೆಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಯಾವ ಮನೆಯನ್ನೂ ಒತ್ತಾಯಿಸತಕ್ಕದ್ದಲ್ಲ.

೪. ಕರೆಯ ನಡುವೆ ಬರುವ ಕಂಪನಿಯ ಧ್ವನಿಮುದ್ರಿತ ಹೆಂಗಸು ಹೂಂಗುಟ್ಟಲು ಅರ್ಹಳಲ್ಲ. ಆಕೆಗೆ ಕಥೆಯ ಹಿಂದುಮುಂದು ತಿಳಿಯದು.

೫. ತಂತಿ ಇಂಟರ್ನೆಟ್: ಎದುರುಮನೆಯ ಕೇಬಲ್ ಸೆಲ್ವರಾಜ್ ಬೇವಿನ ಮರದ ಮೇಲಿಂದ ಎಳೆದುಕೊಡುವುದು. "ಪಾಟಿ, ನಮ್ ಲೈನ್ ಆಕ್ಕೊಳ್ಳಿ. ಅವ್ರು ಊಂ ಅನ್ನೋಕ್ ಮುಂಚೇನೇ ಊಂ ಬತ್ತದೆ" ಎಂದು ಅವರು ಅಜ್ಜಿಗೆ ಹೇಳಿಕೆ ನೀಡಿರುತ್ತಾರೆ. ಮುಂಚೆ ಬರುವ ಹೂಂ ತಡವಾದ ಹೂಂಗಿಂತ ಅಪಾಯಕಾರಿಯೆಂದು ಎಚ್ಚರಿಸಿ, ಪರೀಕ್ಷೆಗೆ ಅನುಮತಿಸಲಾಯಿತು. ಹೂಂ ಇಲ್ಲೂ ತಡವಾಗಿಯೇ ಬಂದಿತು. ಆದರೆ ಪ್ರತಿ ಸಲವೂ ತಡ ಒಂದೇ ಅಳತೆ. ಅಜ್ಜಿ ವೀಳ್ಯದೆಲೆಯೊಂದಕ್ಕೆ ಸುಣ್ಣ ಹಚ್ಚಿ ಮುಗಿಸುವಷ್ಟು ಎಂಬುದನ್ನು ತ್ರಿವೇಣಿ ಗಮನಿಸಿದಳು. ನಂಬಬಹುದಾದ ತಡವನ್ನು ತಡವೆಂದು ಪರಿಗಣಿಸಲಾಗುವುದಿಲ್ಲವಾದ್ದರಿಂದ, ಸದರಿ ತಂತಿಯನ್ನು ಆಯ್ಕೆ ಮಾಡಲಾಗಿದೆ.

೬. ಇನ್ನು ಮುಂದೆ ಕಥೆ ಹೇಳುವವರು ಪ್ರತಿ ಮಾತಿನ ನಂತರ ಒಂದು ಎಲೆಗೆ ಸುಣ್ಣ ಹಚ್ಚತಕ್ಕದ್ದು. ಹಚ್ಚಿ ಮುಗಿಯುವವರೆಗೆ ಹುಡುಗಿಯು ಹಗ್ಗವನ್ನು ಬಿಡತಕ್ಕದ್ದಲ್ಲ; ರಾಕ್ಷಸನು ಹೊಸ ಪ್ರಶ್ನೆ ಕೇಳತಕ್ಕದ್ದಲ್ಲ.

೭. ಅನುಪಾಲನಾ ವರದಿ: ಭಾನುವಾರ ಸಂಜೆ ವಾಣಿಶ್ರೀಯು ಅತ್ತೆಯ ತಲೆದಿಂಬಿನ ಪಕ್ಕ ಫೋನ್ ಇಟ್ಟು ಹೊರಗೆ ಹೋದಳು. ಹೇಗಿದ್ದೀಯೆಂದು ಅಕ್ಕನವರು ಕೇಳಲಿಲ್ಲ, ತಂಗಿಯವರು ಹೇಳಲಿಲ್ಲ. ಕಥೆ ನೇರವಾಗಿ ಶುರುವಾಯಿತು. ಎಲೆಗೆ ಸುಣ್ಣ ಬಿತ್ತು, ಮೊದಲ ಹೂಂ ಬಿಗುಮಾನದಿಂದ ಬಂದಿತು. ಎಲೆಗಳ ಕಟ್ಟು ಕರಗುತ್ತಿದ್ದಂತೆ ಹುಡುಗಿ ತಳ ಮುಟ್ಟಿದಳು. ರಾಕ್ಷಸನು ಹಗ್ಗ ಕತ್ತರಿಸಲಾ ಎಂದು ಕೇಳಿದನು. ಮುನಿಗಂಗಮ್ಮನವರು ಎಲೆಗೆ ಸುಣ್ಣ ಹಚ್ಚಿದರು.

"ಬ್ಯಾಡ ಅನ್ನಕ್ಕಾ ಅವನಿಗೆ" ಎಂಬ ಮಾತು ಬೂದಿಕೋಟೆಯಿಂದ ಸ್ಪಷ್ಟವಾಗಿ ಸ್ವೀಕೃತವಾಯಿತು. ನಿಯಮ ಸಡಿಲಿಸಿ ಇದನ್ನು ಹೂಂ ಎಂದೇ ಪರಿಗಣಿಸಲಾಗಿದೆ. ಹಗ್ಗ ಉಳಿಯಿತು. ಹುಡುಗಿ ಚಂದ್ರನನ್ನು ಮಡಿಲಲ್ಲಿ ಕಟ್ಟಿಕೊಂಡು ಹತ್ತತೊಡಗಿದಳು. ಎಲೆ ಮುಗಿದಿದ್ದರಿಂದ ಮುನಿಗಂಗಮ್ಮನವರು ಬರಿಗೈಯ ಮೇಲೆಯೇ ಸುಣ್ಣ ಸವರುತ್ತಾ ಕಾದರು.

"ಮ್ಯಾಕೆ ಬಂದ್ಲಾ ಅಕ್ಕಾ?"

"ಬಂದ್ಲು ಕಣೇ. ಇನ್ ನೀನು ಉಣ್ಣು."

ತಡವಾಗಿ, ಹೊತ್ತಿಗೆ ಸರಿಯಾಗಿ, ಹೂಂ ತಲುಪಿರುತ್ತದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
(ತ್ರಿವೇಣಿ)
ಹೂಂ ಅಧಿಕಾರಿ, ಪ್ರಭಾರ

ಪ್ರತಿಗಳು:
ಶ್ರೀ ಸೆಲ್ವರಾಜ್ ಅವರಿಗೆ, ಬೇವಿನ ಮರಕ್ಕೆ ಒರಗಿಸಿದ ಏಣಿಯನ್ನು ವಾಪಸು ಒಯ್ಯುವ ಕೋರಿಕೆಯೊಂದಿಗೆ.
ಸದರಿ ಮರದ ಕೋತಿಗಳಿಗೆ, ತಂತಿಯನ್ನು ಜಗ್ಗದಿರಲು.
ರಾಕ್ಷಸನಿಗೆ, ಮಾಹಿತಿಗಾಗಿ.
ವೀಳ್ಯದೆಲೆ ಮಾರುವ ಕಲಾ ಅವರಿಗೆ, ಮುಂದಿನ ಕಥೆಗೆ ಎಲೆ ಜಾಸ್ತಿ ತರಲು.
ಕಥೆಯ ಹುಡುಗಿಗೆ, ಮೇಲೆ ಬಂದಿರುವುದರಿಂದ ಖುದ್ದಾಗಿ ತಲುಪಿಸಲಾಗಿದೆ.