ನಮ್ಮ ಮನೆತನದ ತುರಿಕೆ

ನನ್ನ ಸೋದರಮಾವ ಯಾರ ಮುಖ ನೋಡುವ ಮೊದಲೂ ಹೊಕ್ಕುಳ ನೋಡುತ್ತಾರೆ. ನಗಬೇಡಿ, ಕಾರಣವಿದೆ!

ಹಾರೋಹಳ್ಳಿಗೆ ಕಾರ್ಖಾನೆಗಳು ಬಂದ ಹೊಸದರಲ್ಲಿ ಮಾವ ಲುಂಗಿ ಬಿಟ್ಟು ಜೀನ್ಸ್ ಪ್ಯಾಂಟು ತೊಟ್ಟು ಕೆಲಸಕ್ಕೆ ಸೇರಿದರು. ತಿಂಗಳೊಳಗೆ ಹೊಕ್ಕುಳ ಕೆಳಗೆ ಪ್ಯಾಂಟಿನ ಗುಂಡಿ ತಾಗುವ ಜಾಗ, ವಾಚು ಕಟ್ಟುವ ಜಾಗ ಎರಡೂ ತುರಿಸಿ ನೀರೊಸರತೊಡಗಿದವು. ಚರ್ಮದ ಡಾಕ್ಟರು, "ನಿಮಗೆ ನಿಕಲ್ ಲೋಹ ಆಗಿಬರೋದಿಲ್ಲ. ಇಂಥ ಅಲರ್ಜಿ ಕೆಲವು ಮನೆತನಗಳಲ್ಲಿ ಸ್ವಲ್ಪ ಹೆಚ್ಚು" ಎಂದರು. ಆ "ಸ್ವಲ್ಪ" ಮಾವನ ಕಿವಿಗೆ ಬೀಳಲೇ ಇಲ್ಲ!

"ನಮ್ಮವ್ವ ಹೊಲ ಎಲ್ಲ ಅಣ್ಣಂಗ್ ಬರದ್ಲು, ತುರಿಕೆ ನಂಗ್ ಬುಟ್ಟೋದ್ಲು" ಎಂದು ಊರೆಲ್ಲ ಸಾರಿದರು. ಪೇಟೆಯ ಓಲೆ ಹಾಕಿ ನನ್ನ ಕಿವಿ ಸೋರಿದ ದಿನ ಅವರ ಸಂಭ್ರಮ ನೋಡಬೇಕಿತ್ತು! "ನನ್ ಸೊಸೆಗೂ ಪಾಲು ಬಂತು ಕಣ್ರೋ!"

ಆಮೇಲೆ ಪ್ಯಾಂಟಿಗೆ ಲಾಡಿ ಬಂತು. ಬಸ್ಸಿನ ಕಂಬಿಯನ್ನೂ ಟವಲು ಸುತ್ತಿಯೇ ಹಿಡಿಯುವುದು. "ಏನ್ಲಾ, ಕಂಬಿಗೆ ಚಳಿಯಾ?" ಎಂದು ಗೆಳೆಯರು ಕೆಣಕಿದರೆ, "ಊಂ ಕಣ್ಲಾ, ನೀನ್ ಒಸಿ ತಬ್ಕೋ!"

ಮಾಗಡಿ ಕಡೆಯ ಹುಡುಗ ನನ್ನನ್ನು ನೋಡಲು ಬಂದಾಗ, ಕಾಫಿಗೂ ಮೊದಲೇ ಮಾವ, "ಒಸಿ ಶರ್ಟ್ ಎತ್ತಪ್ಪ" ಎಂದುಬಿಟ್ಟರು. ಎರಡೂ ಕಡೆ ತುರಿಕೆಯಿದ್ದರೆ ಮಗು ಕೆರೆದುಕೊಂಡೇ ಹುಟ್ಟುತ್ತದಂತೆ! ಹುಡುಗನ ತಾಯಿ ಎದ್ದು ನಿಂತರು. "ಎತ್ತು ಕೊಳ್ಳೋರೂ ಹಿಂಗ್ ನೋಡಾಕಿಲ್ಲ ಕಣ್ರೀ!" ಪಾಪ, ಹುಡುಗ ಆಗಲೇ ಶರ್ಟು ಎತ್ತಿಯಾಗಿತ್ತು.

ಒಂದು ಸಂಜೆ ಹಾರೋಹಳ್ಳಿಯಲ್ಲಿ ಡ್ಯೂಟಿ ಮುಗಿಸಿ ಮಾವನೂ, ಅದೇ ಕಾರ್ಖಾನೆ ಸೇರಿದ್ದ ನಾನೂ ಕನಕಪುರದ ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲ. ನಾನು ಬಾಗಿಲ ಮೆಟ್ಟಿಲ ಮೇಲೆ, ಮಾವ ನನಗಿಂತ ಒಂದು ಮೆಟ್ಟಿಲು ಮೇಲೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ ಮತ್ತೆ ಮುಂದಕ್ಕೆಳೆದ. ಕಾಲು ಜಾರಿತು. ನನ್ನ ಅರ್ಧ ಮೈ ಹೊರಗೆ. ಕೆಳಗೆ ಹಿಂದಿನ ಚಕ್ರ ತಿರುಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದೇ ಚಕ್ರ.

ಮಾವ ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದರು. ಇನ್ನೊಂದು ಕೈಯ ಟವಲು ಕಂಬಿಯ ಮೇಲೆ ಜಾರತೊಡಗಿತು. ಟವಲು ಬಿಟ್ಟರು. ಬರಿಗೈಯಲ್ಲೇ ಕಂಬಿ ಹಿಡಿದು ನನ್ನನ್ನು ಒಳಗೆಳೆದುಕೊಂಡರು. ಕನಕಪುರ ಬರುವವರೆಗೆ ಎರಡೂ ಕೈ ಸಡಿಲಿಸಲಿಲ್ಲ.

"ಮಾವ, ಕಂಬಿ ಬುಡು, ನಿನ್ ಕೈ..."

"ಸುಮ್ಕಿರವ್ವ."

ಎರಡು ದಿನಕ್ಕೆ ಅಂಗೈ ತುಂಬ ನೀರುಗುಳ್ಳೆ. ಮುದ್ದೆ ಮುರಿಯಲಾರರು. ನಾನೇ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ.

"ಇಷ್ಟ್ ದೊಡ್ಡ್ ತುತ್ತಾ? ಸಾಯಿಸ್ಬುಡ್ತೀಯ ನನ್ನ!"

ನನಗೆ ನಗು ಬರಲಿಲ್ಲ. ಮುಂದಿನ ತುತ್ತನ್ನು ಚಿಕ್ಕದಾಗಿ ಮುರಿದೆ.