ಪೆಂಗ್ವಿನ್ ಮುಂದೆ ರಾಗಿ ಹೊಲದ ಕೂಗು

ಪ್ರಾಣಿ ಪಕ್ಷಿಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುತ್ತೂರಿನಲ್ಲಿ ರೇಷ್ಮೆಹುಳು ಸಾಕಿ, ರಾಗಿ ಬೆಳೆದು ತಲೆ ನರೆಸಿಕೊಂಡವನು ನಾನು. ಹಾಗಾಗಿ ನ್ಯೂಜಿಲೆಂಡಿನಲ್ಲಿರುವ ನಾದಿನಿಯ ಮನೆಗೆ ಹೋದಾಗ, ಸಮುದ್ರದೊಳಕ್ಕೆ ಚಾಚಿಕೊಂಡ ನೆಲದ ತುದಿಯೊಂದರಲ್ಲಿ ತೋಟ, ಪಕ್ಷಿ ತೋರಿಸಿಕೊಂಡು ಬರುತ್ತೇನೆಂದು ಷಡ್ಡಕ ನಾರಾಯಣಸ್ವಾಮಿ ಹೇಳಿದ ಕೂಡಲೇ, ತೋರಿಸುವವನು ನಾನೇ ಎಂದು ತೀರ್ಮಾನಿಸಿಬಿಟ್ಟೆ.

ನನ್ನ ಹೆಂಡತಿ ರತ್ನಳಿಗೆ ಬೇಕಾದದ್ದು ಒಂದೇ, ಪೆಂಗ್ವಿನ್. ಟಿವಿಯಲ್ಲಿ ಅದರ ನಡಿಗೆ ಕಂಡಾಗಿನಿಂದ, ಒಂದು ಸಲ ಕಣ್ಣಾರೆ ನೋಡಬೇಕೆಂದು ಜಪ ಮಾಡುತ್ತಿದ್ದಳು. ಮರುದಿನವೇ ನಾವು ಊರಿಗೆ ವಾಪಸ್. ಅವತ್ತು ತಪ್ಪಿದರೆ ತಪ್ಪಿದಂತೆಯೇ!

ಮೊದಲು ತೋಟಕ್ಕೆ ಹೋದೆವು. ಎಂಥ ಹೂವು! ನಮ್ಮಲ್ಲಿ ಬೆಳಗಾಗುವ ಮುಂಚೆ ಪಕ್ಕದ ಮನೆ ಕಾಂಪೌಂಡಿಗೆ ಕೈ ಹಾಕಿ ಹೂ ಕೀಳುವುದು ಕಳ್ಳತನವಲ್ಲ, ಭಕ್ತಿ. ಅದೇ ಭಕ್ತಿಯಿಂದ ಕೆಂಪನೆಯ ಹೂವೊಂದನ್ನು ಕಿತ್ತು ರತ್ನಳ ಮುಡಿಗೇರಿಸಿದೆ. ತೋಟದಾಕೆ ಓಡಿಬಂದಳು. ಅದು ಎಷ್ಟೋ ವರ್ಷಕ್ಕೆ ಮೊದಲ ಸಲ ಬಿಟ್ಟ ಹೂವಂತೆ! ನಾರಾಯಣಸ್ವಾಮಿ ಕೈಮುಗಿದು ನನ್ನನ್ನು ಬಿಡಿಸಿಕೊಂಡ. ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ರತ್ನ ನನ್ನಿಂದ ಆಣೆ ಮಾಡಿಸಿಕೊಂಡಳು. ಬಾಯಿಯ ಬಗ್ಗೆ ಆಣೆ ಮಾಡಿಸುವುದನ್ನು ಮರೆತಳು.

ಸಂಜೆ ಸಮುದ್ರದ ದಂಡೆಯಲ್ಲಿ, ಹಲಗೆಯ ಮರೆಯ ಹಿಂದೆ ನಮ್ಮನ್ನು ಕೂರಿಸಿದರು. ಅಲ್ಲಿಯ ಗೈಡಮ್ಮ ತುಟಿಯ ಮೇಲೆ ಬೆರಳಿಟ್ಟು, ಉಸಿರು ಕೂಡ ಮೆಲ್ಲಗೆ ಬಿಡಿ ಎಂದು ಸನ್ನೆ ಮಾಡಿದಳು. ಅಲೆಯಿಂದ ಒಂದೊಂದಾಗಿ ಪೆಂಗ್ವಿನ್‌ಗಳು ಎದ್ದವು. ರತ್ನ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮದುವೆಯ ದಿನವೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಆಗಲೇ ಕಡಲಹಕ್ಕಿಗಳ ಹಿಂಡೊಂದು ಎದುರಿನ ಇಳಿಜಾರಿನ ಮೇಲೆ ಎರಗಿತು. ಅಲ್ಲಿ ಹಣ್ಣಾದ ಹುಲ್ಲು ಗಾಳಿಗೆ ತೂಗುತ್ತಿತ್ತು, ಥೇಟ್ ನಮ್ಮ ರಾಗಿ ಹೊಲ. ಮುಂದಿನದಕ್ಕೆ ನಾನು ಜವಾಬ್ದಾರನಲ್ಲ, ನನ್ನ ಗಂಟಲೇ ಜವಾಬ್ದಾರ.

"ಏಯ್ ಹೋ! ಹೋ ಹೋಯ್!"

ಸಾಲದೆಂದು ಕೈ ತಾನಾಗಿಯೇ ನಾವು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನದ ಸ್ಟೀಲ್ ಡಬ್ಬಿ ಎತ್ತಿಕೊಂಡು ಚಮಚದಲ್ಲಿ ಬಡಿಯತೊಡಗಿತು. ಹಕ್ಕಿಗಳು ಹಾರಿದವು. ಪೆಂಗ್ವಿನ್‌ಗಳು ತಟ್ಟನೆ ತಿರುಗಿ ನೀರಿಗೆ ಬಿದ್ದವು. ಖಾಲಿ ಮರಳು!

ನನ್ನ ಹೆಂಡತಿ ಮುಳಬಾಗಿಲು ಕಡೆಯವಳು, ಸಿಟ್ಟು ಬಂದರೆ ತೆಲುಗು ಬರುತ್ತದೆ. ಅವತ್ತು ಮೊದಲು ತೆಲುಗಿನಲ್ಲಿ ನನ್ನ ವಂಶವನ್ನು ವಿಚಾರಿಸಿ, ಆಮೇಲೆ ಕನ್ನಡಕ್ಕೆ ಬಂದಳು.

"ಊರಲ್ಲಿ ಗಿಳಿ ಹಿಂಡು ಬಂದ್ರೆ ಹೊಲ ಕಾಯೋ ಅಟ್ಟಣೆ ಮೇಲೆ ಗೊರಕೆ ಹೊಡೀತೀರ. ಇಲ್ಲಿ ಯಾರ ಹೊಲ ಅಂತ ಕಾಯ್ತಿದ್ದೀರ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಗೈಡಮ್ಮ ನನ್ನನ್ನು ತೋಳು ಹಿಡಿದು ಕರೆದೊಯ್ದು, ನಾವು ಬಂದಿದ್ದ ವ್ಯಾನಿನಲ್ಲಿ ಕೂರಿಸಿ, ಗಾಜು ಏರಿಸಿ ಬಾಗಿಲು ಹಾಕಿದಳು. ವ್ಯಾನಿನ ಮುಖ ರಸ್ತೆಯ ಕಡೆಗಿತ್ತು.

ಕತ್ತಲಾಗುವ ಹೊತ್ತಿಗೆ ರತ್ನ ಬಂದಳು. ಮುಖ ಅರಳಿತ್ತು.

"ನೀವ್ ಹೋಗಿದ್ದೇ ತಡ, ಎಲ್ಲಾ ವಾಪಸ್ ಬಂದ್ವು ಕಣ್ರೀ. ಒಂದಂತೂ ನನ್ ಕಾಲ ಹತ್ರಾನೇ ನಡ್ಕಂಡ್ ಹೋಯ್ತು."

ಈಗ ಊರಿನಲ್ಲಿ ಬಂದವರಿಗೆಲ್ಲ ರತ್ನ ಪೆಂಗ್ವಿನ್ ನಡಿಗೆಯನ್ನು ನಡೆದೇ ತೋರಿಸುತ್ತಾಳೆ. ಆಮೇಲೆ ಅವರು ನನ್ನ ಕಡೆ ತಿರುಗಿ, ನೀವೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ವ್ಯಾನಿನ ವಿಷಯ ಹೇಳುತ್ತೇನೆ. ಸೀಟು ಬಹಳ ಚೆನ್ನಾಗಿತ್ತು.